ಬೀಗರ ಅಳತೆ

ಮೊನ್ನೆ ಒಂದು ಬಾಬಿನ್ ಹುಡುಕುತ್ತ ಹೊಲಿಗೆ ಮಿಷನ್ನಿನ ಡ್ರಾಯರನ್ನು ಪೂರ್ತಿ ಎಳೆದು ಮಂಚದ ಮೇಲೆ ಸುರುವಿದೆ. ಬಾಬಿನ್ ಸಿಗಲಿಲ್ಲ. ಸಿಕ್ಕಿದ್ದು ಒಡೆದ ಗುಂಡಿಗಳು, ತುಕ್ಕು ಹಿಡಿದ ಸೂಜಿ, ಯಾರದೋ ಮದುವೆಯ ರವಿಕೆಯ ಅಳತೆ ಬರೆದಿಟ್ಟ ಚೀಟಿ, ಮತ್ತು ನೀಲಿ ಸೀಮೆಸುಣ್ಣದ ಹದಿನೈದಿಪ್ಪತ್ತು ತುಂಡು. ಸೀಮೆಸುಣ್ಣ ನೋಡಿದ ಕೂಡಲೇ ತಿಪ್ಪಮ್ಮ ನೆನಪಾದಳು. ತಿಪ್ಪಮ್ಮ ನೆನಪಾದ ಕೂಡಲೇ ಹೊಟ್ಟೆಯೊಳಗೆ ಚುರ್ ಅಂದಿತು. ಹಸಿವಲ್ಲ, ಆಗ ತಾನೇ ಮೂರು ರೊಟ್ಟಿ ತಿಂದು ಎದ್ದಿದ್ದೆ.

ನೀವು ನಗಬಹುದು. ಮೊಮ್ಮಗನನ್ನು ಸ್ಕೂಲಿಗೆ ಬಿಟ್ಟು ಬರುವ ವಯಸ್ಸಿನ ಹೆಂಗಸಿಗೆ ಎಂಥ ಹೊಟ್ಟೆಕಿಚ್ಚು ಅಂತ. ಏನು ಮಾಡಲಿ, ಕೆಲವರಿಗೆ ತಾಯಿ ಕಡೆಯಿಂದ ಹೊಲ ಬರುತ್ತದೆ, ಕೆಲವರಿಗೆ ಬಂಗಾರ ಬರುತ್ತದೆ, ನನಗೆ ಬಂದದ್ದು ಇದು. ನಮ್ಮವ್ವ ಮತ್ತು ನಮ್ಮ ದೊಡ್ಡವ್ವ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಮಾಡುತ್ತಿದ್ದರು. ದೊಡ್ಡವ್ವನ ರೊಟ್ಟಿ ಪೂರ್ತಿ ಉಬ್ಬುತ್ತಿತ್ತು. ನಮ್ಮವ್ವನದು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮುನಿಸಿಕೊಳ್ಳುತ್ತಿತ್ತು. "ಅವಳ ಕಡೆ ಉರಿ ಚಲೋ ಐತೆ" ಅನ್ನುತ್ತಿದ್ದಳು ಅವ್ವ. ಮರುದಿನ ಜಾಗ ಬದಲಾಯಿಸಿಕೊಂಡು ಕೂತರೂ ದೊಡ್ಡವ್ವನ ರೊಟ್ಟಿಯೇ ಉಬ್ಬಿತು. ಆಗ ಅವ್ವ, "ಉರಿನೂ ಅವಳ ಜತೆಗೇ ಹೋತು ನೋಡು" ಅಂದಳು.

ನಾನಂತೂ ಜ್ವರಕ್ಕೂ ಹೊಟ್ಟೆಕಿಚ್ಚು ಪಟ್ಟವಳು. ನಮ್ಮಕ್ಕನಿಗೆ ವರ್ಷಕ್ಕೆರಡು ಸಲ ಜ್ವರ ಬರುತ್ತಿತ್ತು. ಜ್ವರ ಬಂದರೆ ಹೊನ್ನಾಳಿಯಿಂದ ಬ್ರೆಡ್ಡು ಬರುತ್ತಿತ್ತು, ಮೋಸಂಬಿ ಬರುತ್ತಿತ್ತು, ಅಪ್ಪ ಹಣೆ ಮುಟ್ಟಿ ನೋಡುತ್ತಿದ್ದ. ನನ್ನ ಮೈ ಕಲ್ಲಿನಂತೆ ಗಟ್ಟಿ. ಮಳೆಯಲ್ಲಿ ನೆನೆದೆ, ಹೊಳೆಯಲ್ಲಿ ಹೊತ್ತು ಮುಳುಗುವವರೆಗೂ ಕೂತೆ, ಒಂದು ಸೀನು ಕೂಡ ಬರಲಿಲ್ಲ. ಗಟ್ಟಿಯಾಗಿರುವವರನ್ನು ಯಾರೂ ತಿರುಗಿ ನೋಡುವುದಿಲ್ಲ ಎನ್ನುವುದು ನನಗೆ ಆವಾಗಲೇ ಗೊತ್ತಾಯಿತು.

ಎಲ್ಲಿಂದ ಎಲ್ಲಿಗೋ ಹೋದೆ. ಸೀಮೆಸುಣ್ಣದ ವಿಷಯ ಹೇಳಬೇಕಿತ್ತು.

ನನ್ನ ತವರೂ ಗಂಡನ ಮನೆಯೂ ಸಾಸ್ವೆಹಳ್ಳಿಯೇ. ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಬಸವಾಪಟ್ಟಣದ ಒಬ್ಬರು ಭೂಗೋಳದ ಮೇಷ್ಟ್ರು ನಮ್ಮ ಮನೆಗೆ ಬಂದರು. ಬಂದದ್ದು ಪ್ಯಾಂಟು ಚಿಕ್ಕದು ಮಾಡಿಸಲು. ನಾನು ಟೇಪು ಹಿಡಿದು ಅಳೆಯುವುದನ್ನು ನೋಡುತ್ತ ನಿಂತವರು, "ಅಮ್ಮಾ, ನಿಮ್ಮ ಕೈ ಚಲೋ ಐತೆ. ತಿಂಗಳಿಗೊಂದು ಸಲ ನಿಮ್ಮ ಹಿತ್ತಲ ಬಾವೀನೂ ಅಳದು ಬರೆದಿಡ್ತೀರೇನು?" ಎಂದರು. ನಾನು ತಮಾಷೆ ಅಂದುಕೊಂಡೆ. ಮೇಷ್ಟ್ರು ತಮಾಷೆಯ ಮನುಷ್ಯರಲ್ಲ. ಚನ್ನಗಿರಿ ತಾಲ್ಲೂಕಿಗೆ ತಮ್ಮದೇ ಬಾವಿ, ನ್ಯಾಮತಿ ಕಡೆಗೆ ಗೋವಿನಕೋವಿಯ ಹಿಟ್ಟಿನ ಗಿರಣಿಯ ರುದ್ರಣ್ಣನದು, ಹೊನ್ನಾಳಿ ತಾಲ್ಲೂಕಿಗೆ ನನ್ನದು, ಜಗಳೂರು ಕಡೆಯ ಒಂದು ಹಳ್ಳಿಯ ಊರ ಬಾವಿ, ಹೀಗೆ ನಾಲ್ಕು ಬಾವಿ ಗೊತ್ತು ಮಾಡಿದ್ದರು. ಜಗಳೂರಿಗೂ ನಮಗೂ ಏನು ಸಂಬಂಧ ಎಂದು ಕೇಳಿದೆ. "ಅಲ್ಲಿನ ಹಳ್ಳ ಸುತ್ತಿ ಬಳಸಿ ಕೊನೆಗೆ ನಮ್ಮ ಹೊಳೆಗೇ ಸೇರಾಕೆ ಹೋಗ್ತೈತಮ್ಮ. ನೀರು ಒಂದೇ ಮನೆತನ, ನಾವೇ ತಾಲ್ಲೂಕು ಮಾಡ್ಕಂಡು ಪಾಲಾಗೀವಿ" ಎಂದರು. ಒಂದೆರಡು ವರ್ಷ ಅಳೆದರೆ ಏನೂ ತಿಳಿಯುವುದಿಲ್ಲ, ಜೀವ ಇರುವವರೆಗೂ ಅಳೆಯಬೇಕು, ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟು ಹೋಗಬೇಕು ಎಂದೂ ಹೇಳಿದರು. ಪ್ಯಾಂಟು ಚಿಕ್ಕದು ಮಾಡಿಸಲು ಬಂದವರು ನನ್ನ ಆಯುಷ್ಯಕ್ಕೇ ಅಳತೆ ಹಿಡಿದು ಹೋದರು.

ಅಳೆಯುವುದು ಅಮಾವಾಸ್ಯೆಯ ದಿನ, ಹೊತ್ತು ಹುಟ್ಟುವಾಗ, ಮೊದಲನೇ ಕೊಡ ಸೇದುವುದಕ್ಕಿಂತ ಮುಂಚೆ. ಅಮಾವಾಸ್ಯೆಗೆ ನಮ್ಮ ಕಡೆ ಬೇಸಾಯ ಹೂಡುವುದಿಲ್ಲವಾದ್ದರಿಂದ ಬಾವಿಗೂ ರಜೆ, ನೀರು ತನ್ನ ಜಾಗದಲ್ಲಿ ಸುಮ್ಮನೆ ನಿಂತಿರುತ್ತದೆ. ಮೇಷ್ಟ್ರು ಕೊಡಿಸಿದ ಉಕ್ಕಿನ ಟೇಪಿನ ತುದಿಗೆ ನಾಲ್ಕೈದು ಅಡಿ ಸೀಮೆಸುಣ್ಣ ಉಜ್ಜಬೇಕು. ಬಾವಿಕಟ್ಟೆಯ ಮೇಲೆ ಕೆಂಪು ಬಣ್ಣದ ಒಂದು ಗುರುತು ಇರುತ್ತದೆ, ಅಲ್ಲಿಂದ ಟೇಪು ಇಳಿಬಿಟ್ಟು, ತುದಿ ನೀರಿನೊಳಗೆ ಹೋದ ಮೇಲೆ ಎಷ್ಟು ಬಿಟ್ಟೆ ಎಂದು ನೋಡಿಕೊಳ್ಳಬೇಕು. ಮೇಲೆಳೆದರೆ ನೆನೆದಷ್ಟು ಸೀಮೆಸುಣ್ಣ ಕಪ್ಪಾಗಿರುತ್ತದೆ. ಬಿಟ್ಟದ್ದರಲ್ಲಿ ನೆನೆದದ್ದು ಕಳೆದರೆ ಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಎನ್ನುವುದು ಸಿಕ್ಕಿತು. ಮೊದಲು ಅದನ್ನು ಕಾರ್ಡಿನಲ್ಲಿ ಬರೆದು ಹಾಕುತ್ತಿದ್ದೆವು, ಈಗ ವಾಟ್ಸಾಪು. ನಾಲ್ಕು ಅಂಕಿಗಳನ್ನೂ ಮೇಷ್ಟ್ರು ಒಂದು ದೊಡ್ಡ ಪುಸ್ತಕದಲ್ಲಿ ಏರಿಸುತ್ತಿದ್ದರು. ಕೆಂಪು ಬಟ್ಟೆಯ ಬೈಂಡಿನ ಆ ಪುಸ್ತಕವನ್ನು ನಾವು ಮುಟ್ಟಬೇಕಾದರೂ ಕೈ ತೊಳೆದು ಮುಟ್ಟುತ್ತಿದ್ದೆವು.

ಇದರ ಜೊತೆಗೆ ಇನ್ನೊಂದು ಪದ್ಧತಿ. ವರ್ಷಕ್ಕೊಂದು ಸಲ ಚೀಟಿ ಎತ್ತಿ ಒಬ್ಬರ ಬಾವಿಯನ್ನು ಇನ್ನೊಬ್ಬರು ಹೋಗಿ ಅಳೆಯಬೇಕು. ದಿನಾ ನೋಡುವ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಹೊರಗಿನವರ ಕಣ್ಣಿಗೆ ಕಾಣುತ್ತದೆ ಎಂದು ಮೇಷ್ಟ್ರ ವಾದ. ಹೋದವರಿಗೆ ಹೋಳಿಗೆ ಊಟ, ಬರುವಾಗ ಕುಂಕುಮ, ಎಲೆ ಅಡಿಕೆ. ಅದಕ್ಕೇ ರುದ್ರಣ್ಣ ಅದಕ್ಕೆ 'ಬೀಗರ ಅಳತೆ' ಎಂದು ಹೆಸರಿಟ್ಟ. ಬೀಗರು ಬಂದರೆ ಹೋಳಿಗೆ ತಿಂದು ತಪ್ಪು ಹುಡುಕಿ ಹೋಗುವುದು ತಾನೇ, ಹೆಸರು ಸರಿಯಾಗಿತ್ತು.

ಈಗ ನನ್ನ ಬಾವಿಯ ಸಂಕಟ ಕೇಳಿ. ಹೊಳೆ ಕೂಗಳತೆಯಲ್ಲಿದೆ. ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಓಡಿ ಹೋಗಿ ಹೊಳೆಯ ಮೆಟ್ಟಿಲು ಎಷ್ಟು ಮುಳುಗಿವೆ ಎಂದು ಎಣಿಸಿ ಬರುತ್ತಿದ್ದೆವು, ಬಂದು ಬಾವಿಗೆ ಬಗ್ಗಿ ನೋಡಿದರೆ ಅದೂ ಅಷ್ಟೇ ಮೇಲೆ ಬಂದಿರುತ್ತಿತ್ತು. ಹೊಳೆ ಏನು ಮಾಡಿದರೆ ಅದನ್ನೇ ಮಾಡುವ ಬಾವಿ. ನೆರೆ ಬಂದ ಒಂದೆರಡು ವಾರ ಬಿಟ್ಟರೆ ಹನ್ನೆರಡು ಅಡಿ, ಹನ್ನೆರಡೂವರೆ, ಹದಿಮೂರು, ಮತ್ತೆ ಹನ್ನೆರಡು. ವರ್ಷಗಟ್ಟಲೆ ಇದೇ. ಮೇಷ್ಟ್ರ ಪುಸ್ತಕದಲ್ಲಿ ನನ್ನ ಬಾವಿಯ ಗೆರೆ ನಾನು ಹೊಲಿದ ಲಂಗದ ಅಂಚಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಯಾರಾದರೂ ಕಾಲೇಜಿನವರು ಬಂದು ಪುಸ್ತಕ ತೆರೆದರೆ ನನ್ನ ಹಾಳೆಯನ್ನು ಎರಡು ಬೆರಳಿನಲ್ಲಿ ತಿರುವಿ ಹಾಕಿ, "ಇದು ಬಿಡಿ, ಹೊಳೆ ದಂಡೇದು" ಅನ್ನುತ್ತಿದ್ದರು. ಒಂದು ಅಮಾವಾಸ್ಯೆಯೂ ಬಿಟ್ಟವಳಲ್ಲ ನಾನು. ಮಗಳ ಮದುವೆಯ ಚಪ್ಪರದ ದಿನವೂ ಅಳೆದಿದ್ದೇನೆ. ಹಿತ್ತಲ ಗಿಡ ಮದ್ದಲ್ಲ.

ಅವರೆಲ್ಲ ಹುಡುಕಿಕೊಂಡು ಹೋಗುತ್ತಿದ್ದದ್ದು ತಿಪ್ಪಮ್ಮನ ಬಾವಿಗೆ. ಜಗಳೂರು ಕಡೆಯ ಆ ಊರ ಬಾವಿಯನ್ನು ಮೊದಲು ಅಳೆಯುತ್ತಿದ್ದದ್ದು ಅವಳ ಅತ್ತೆ. ಅತ್ತೆಗೆ ಮೊಣಕಾಲು ಹಿಡಿದ ಮೇಲೆ ಟೇಪು ಸೊಸೆಯ ಕೈಗೆ ಬಂತು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಕಪ್ಪಗೆ ಎತ್ತರ ಇದ್ದಾಳೆ, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ. ಅಲ್ಲಿನ ಬೋರಿನ ನೀರು ಹಲ್ಲು ಮೂಳೆಗೆ ಆಗಿಬರುವುದಿಲ್ಲ ಎಂದು ಕುಡಿಯಲು, ಅಡುಗೆಗೆ ಊರಿನವರು ಈ ಸೇದುವ ಬಾವಿಯನ್ನೇ ನಂಬಿದ್ದರು. ಐವತ್ತು ಅಡಿ, ಐವತ್ತೆಂಟು, ಅರವತ್ತಾರು ಎಂದು ಅವಳ ಬಾವಿಯ ನೀರು ಇಳಿಯುತ್ತ ಹೋದ ಹಾಗೆಲ್ಲ ಮೇಷ್ಟ್ರು ಎರಡೆರಡು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದರು. ನಾವು ನಾಲ್ವರೂ ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ಅರ್ಧ ದಿನ ಅವಳ ಬಾವಿಯ ಮಾತೇ. ನಾನು ನೀರಿರುವ ಬಾವಿಯ ಪಕ್ಕ ಕೂತು ನೀರಿಲ್ಲದ ಬಾವಿಯ ಮೇಲೆ ಹೊಟ್ಟೆ ಉರಿದುಕೊಂಡೆ. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಅಂತ ನನಗೂ ಗೊತ್ತು. ಗೊತ್ತಿದ್ದರೆ ಹೊಟ್ಟೆ ಕೇಳಬೇಕಲ್ಲ.

ಆಮೇಲೆ ಅವಳ ಅದೃಷ್ಟವೂ ತಿರುಗಿತು. ದೊಡ್ಡ ಪೈಪು ಹಾಕಿ ಹೊಳೆಯ ನೀರನ್ನು ಎತ್ತಿ ಅಲ್ಲಿನ ಕೆರೆಗಳಿಗೆ ಬಿಟ್ಟರು. ತಿಪ್ಪಮ್ಮನ ಊರಿನ ಕೆರೆಗೂ ನೀರು ಬಂತು, ಕೆರೆಯ ಕೆಳಗಿದ್ದ ಬಾವಿಗೂ ಬಂತು. ಅರವತ್ತಾರು ಇದ್ದದ್ದು ಐವತ್ತಾಯಿತು, ನಲವತ್ತೈದಾಯಿತು. ಈಗ ಜನ ಇನ್ನೂ ಜಾಸ್ತಿ. ಕ್ಯಾಮರಾದವರು ಬಂದರು, ಆಫೀಸರುಗಳು ಬಂದರು, ತಿಪ್ಪಮ್ಮ ಟೇಪು ಹಿಡಿದು ಬಾವಿಗೆ ಬಗ್ಗಿದ ಫೋಟೋ ಪೇಪರಿನಲ್ಲಿ ಬಂತು. ನಮ್ಮ ಊರ ಮುಂದೆ, ನನ್ನ ಕಣ್ಣೆದುರಿಗೆ ಹರಿದು ಹೋದ ಅದೇ ನೀರು. ನಮ್ಮಲ್ಲಿದ್ದಾಗ ಅದಕ್ಕೆ ಬೆಲೆ ಇರಲಿಲ್ಲ, ಅವಳ ಬಾವಿಗೆ ಹೋಗಿ ಫೋಟೋ ತೆಗೆಸಿಕೊಂಡಿತು. ರುದ್ರಣ್ಣನ ಹತ್ತಿರ ಗೊಣಗಿದೆ. "ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಗಿರಿಜಕ್ಕ" ಎಂದು ಹಿಟ್ಟು ಕೊಡವಿಕೊಂಡು ಒಳಗೆ ಹೋದ.

ಊರಿನವರು ತಿಪ್ಪಮ್ಮನಿಗೆ ಸನ್ಮಾನ ಇಟ್ಟುಕೊಂಡರು. ಅದಕ್ಕೆ ರವಿಕೆ ಹೊಲಿಸಿಕೊಳ್ಳಲು ಅವಳು ಎರಡು ಬಸ್ಸು ಬದಲಾಯಿಸಿ ನನ್ನ ಹತ್ತಿರ ಬಂದಳು. "ಜಗಳೂರಾಗೂ ಟೈಲರ್ ಇದಾರೆ, ಆದ್ರೂ ನಿಮ್ಮ ಕೈಯಾಗಿನ ಬಟ್ಟೆ ಹಾಕ್ಕಂಡು ಕುಂದ್ರಬೇಕು ಅನ್ಸಿತಕ್ಕ" ಎಂದಳು. ಹೇಳಿಬಿಡುತ್ತೇನೆ, ಆ ರವಿಕೆಯ ತೋಳನ್ನು ನಾನು ಬೇಕಂತಲೇ ಅರ್ಧ ಇಂಚು ಬಿಗಿ ಮಾಡಿದೆ. ಮೂವತ್ತು ವರ್ಷದ ಕಸುಬಿನಲ್ಲಿ ಬೇಕಂತ ಮಾಡಿದ ತಪ್ಪು ಅದೊಂದೇ. ಸನ್ಮಾನದ ದಿನ ಎರಡನೇ ಸಾಲಿನಲ್ಲಿ ಕೂತು, ಅವಳು ಶಾಲು ಹೊದೆಸಿಕೊಳ್ಳುವಾಗ ಕೈ ಎತ್ತಲು ಕಷ್ಟಪಡುವುದನ್ನು ನೋಡಲು ಕಾದೆ. ಅವಳು ಸಲೀಸಾಗಿ ಕೈ ಎತ್ತಿ ಎಲ್ಲರಿಗೂ ಮುಗಿದಳು. ಕೆಳಗಿಳಿದು ಬಂದು, "ಬಾಳ ಚಲೋ ಕುಂತೈತೆ ಅಕ್ಕ. ಅಳತೆ ಕೊಟ್ಟ ಮ್ಯಾಲೆ ಸ್ವಲ್ಪ ಸೊರಗಿದ್ದೆ, ಅದೂ ನಿಮಗೆ ತಿಳಿದೈತೆ" ಎಂದಳು. ಮೈಯೆಲ್ಲ ಉರಿದುಹೋಯಿತು.

ಇದೆಲ್ಲ ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಕಳೆದ ದೀಪಾವಳಿಯ ಹೊತ್ತಿಗೆ ಮೇಷ್ಟ್ರ ಕಣ್ಣು ಮಂಜಾಯಿತು. ಆಪರೇಷನ್ ಆದರೂ ಸಣ್ಣ ಅಂಕಿ ಕಾಣುತ್ತಿರಲಿಲ್ಲ. ನಮ್ಮನ್ನೆಲ್ಲ ಕರೆಸಿ, "ಮಳೆಗಾಲ ಹಿಡಿಯೋದ್ರೊಳಗೆ ದೊಡ್ಡ ಪುಸ್ತಕ ನಿಮ್ಮಲ್ಲೊಬ್ಬರ ಕೈಗೆ ಕೊಡ್ತೀನಿ. ಕೂತು ಯೋಚನೆ ಮಾಡ್ತೀನಿ" ಎಂದರು. ಅವತ್ತಿನಿಂದ ನನಗೆ ನಿದ್ದೆ ಕಡಿಮೆಯಾಯಿತು. ಆ ಪುಸ್ತಕ ನನಗೆ ಬೇಕಿತ್ತು. ಸುಮ್ಮನೆ ಬೇಕಿತ್ತು ಅಂತಲ್ಲ, ನನ್ನ ನೆಟ್ಟನೆಯ ಗೆರೆಯನ್ನು ಎರಡು ಬೆರಳಿನಲ್ಲಿ ತಿರುವಿ ಹಾಕುವವರು ಇನ್ನು ಮುಂದೆ ನನ್ನ ಮನೆಗೆ ಬಂದು, ಚಾಪೆಯ ಮೇಲೆ ಕೂತು, ನನ್ನನ್ನು ಕೇಳಿ ತಿರುವಬೇಕು ಎಂದು ಬೇಕಿತ್ತು. ರುದ್ರಣ್ಣನಿಗೆ ಅದರ ಆಸೆ ಇರಲಿಲ್ಲ, "ಹಿಟ್ಟಾಗ್ತೈತೆ" ಅಂದುಬಿಟ್ಟಿದ್ದ. ಉಳಿದದ್ದು ನಾನು ಮತ್ತು ತಿಪ್ಪಮ್ಮ.

ಆ ವರ್ಷ ಬೀಗರ ಅಳತೆಯ ಚೀಟಿಯಲ್ಲಿ ನನಗೆ ಬಂದದ್ದು ತಿಪ್ಪಮ್ಮನ ಬಾವಿ. ಮಾಘ ಅಮಾವಾಸ್ಯೆಯ ದಿನ ನಮ್ಮ ಬಾವಿ ಅಳೆದು, ಮಧ್ಯಾಹ್ನ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು ಹತ್ತಿ, ಜಗಳೂರಿನಿಂದ ಆಟೋದಲ್ಲಿ ಕುಲುಕಾಡಿ ಅವಳ ಊರು ಸೇರಿದೆ. ಶೇಂಗಾ ಹೋಳಿಗೆ ಮಾಡಿದ್ದಳು. ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು. ಬೀಗರ ಅಳತೆ ಇರುವ ತಿಂಗಳು ಆ ಬಾವಿಗೆ ಟೇಪು ಬಿಡುವುದು ಅಮಾವಾಸ್ಯೆಯ ಮಾರನೇ ದಿನ, ಹಾಗಾಗಿ ಬೆಳಿಗ್ಗೆ ಎದ್ದು ಬಾವಿಗೆ ಹೋದೆವು.

ಬಾವಿಗೆ ಹೊಸ ಕಟ್ಟೆ ಬಂದಿತ್ತು. ನೋಡಲು ಬರುವ ಜನ ಹೆಚ್ಚಾಗಿ, ಮಕ್ಕಳು ಮರಿ ಬಗ್ಗಿ ಬಿದ್ದಾವು ಎಂದು ಊರಿನವರು ಹಳೆಯ ಕಟ್ಟೆಯ ಮೇಲೇ ಕಟ್ಟಿ ಎತ್ತರಿಸಿ ಸಿಮೆಂಟು ಬಳಿಸಿದ್ದರು. ತಿಪ್ಪಮ್ಮ ಆಗ ತವರಿಗೆ ಹೋಗಿದ್ದಳಂತೆ, ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಗಾರೆ ಕೆಲಸದವನು ಬಲು ಜಾಣ, ಕೆಂಪು ಗುರುತು ಮುಖ್ಯವಾದದ್ದು ಎಂದು ಅವನಿಗೂ ಗೊತ್ತಿತ್ತು, ಹಾಗಾಗಿ ಹೊಸ ಕಟ್ಟೆಯ ಮೇಲೆ ಅದೇ ಜಾಗಕ್ಕೆ ಸರಿಯಾಗಿ ಕೆಂಪು ಬಣ್ಣ ಬಳಿದು ಹೋಗಿದ್ದ. ತಿಪ್ಪಮ್ಮ ಗುರುತು ನೋಡಿದಳು, ಟೇಪು ಇಟ್ಟಳು. ನಾನು ಹಿಂದೊಮ್ಮೆ ಬಂದಾಗ ಆ ಕಟ್ಟೆ ನನ್ನ ಮೊಣಕಾಲಿಗೆ ಬರುತ್ತಿತ್ತು, ಈಗ ತೊಡೆ ದಾಟಿತ್ತು. ಟೈಲರ್ ಕಣ್ಣಿಗೆ ಬೇರೇನೂ ಗೊತ್ತಾಗದಿದ್ದರೂ ಉದ್ದ ಗಿಡ್ಡ ಗೊತ್ತಾಗುತ್ತದೆ. ಅವಳು ಟೇಪಿಗೆ ಸೀಮೆಸುಣ್ಣ ಉಜ್ಜುತ್ತಿದ್ದಾಗ ಕಟ್ಟೆಯ ಪಕ್ಕಕ್ಕೆ ಹೋಗಿ ಹೊಸ ಸಿಮೆಂಟಿನ ಮೇಲೆ ಗೇಣು ಹಾಕಿ ನೋಡಿದೆ. ಸರಿಯಾಗಿ ಎರಡು ಗೇಣು. ಒಂದೂವರೆ ಅಡಿ.

ನನ್ನ ಎದೆ ಹಾರಿತು. ಸಂತೋಷಕ್ಕೆ. ಪೇಪರಿನಲ್ಲಿ ಫೋಟೋ ಬಂದವಳು, ಶಾಲು ಹೊದೆಸಿಕೊಂಡವಳು, ಎಷ್ಟೋ ತಿಂಗಳಿಂದ ಒಂದೂವರೆ ಅಡಿ ತಪ್ಪು ಬರೆಯುತ್ತಿದ್ದಾಳೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಕಟ್ಟೆ ಎತ್ತರವಾದ ಮೇಲೆ ಅಲ್ಲಿಂದ ಅಳೆದರೆ ನೀರು ಇನ್ನೂ ಕೆಳಗೆ ಇದ್ದಂತೆ ಬರುತ್ತದೆ. ತಪ್ಪು ತಿದ್ದಿದರೆ ಅವಳ ನೀರು ಒಂದೂವರೆ ಅಡಿ ಮೇಲೆ ಬಂದುಬಿಡುತ್ತದೆ. ಅಯ್ಯೋ ಶಿವನೇ, ಬಾಯಿ ಬಿಟ್ಟರೆ ಅವಳ ಬಾವಿಗೆ ಇನ್ನೊಂದು ಫೋಟೋ. ಈಗ ಹೇಳುವುದು ಬೇಡ, ಪುಸ್ತಕ ಕೊಡುವ ದಿನ ಎಲ್ಲರೆದುರಿಗೆ ಹೇಳಿದರಾಯಿತು, ಆಗ ತಪ್ಪು ಮಾತ್ರ ಕಾಣುತ್ತದೆ, ನೀರು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ.

ಟೇಪು ಮೇಲೆ ಬಂತು. ನಲವತ್ತೊಂದು ಅಡಿ. ನಾನೂ ಇಳಿಬಿಟ್ಟೆ, ನನಗೂ ನಲವತ್ತೊಂದು. ಅಷ್ಟು ಹೊತ್ತಿಗೆ ಕೊಡ ಹಿಡಿದ ಏಳೆಂಟು ಹೆಂಗಸರು ಬಂದು ನಿಂತಿದ್ದರು. ಅವರಲ್ಲೊಬ್ಬಳು, "ಎಷ್ಟು ಬಂತು ತಿಪ್ಪಮ್ಮ?" ಎಂದು ಕೇಳಿದಳು. "ನಲವತ್ತೊಂದು." "ಹಂಗಾರೆ ನಾಲ್ಕೇ ಕೊಡ ಅನ್ನು" ಎಂದು ಅವಳು ತಂದಿದ್ದ ಇನ್ನೆರಡು ಕೊಡಗಳನ್ನು ಬೋರಲು ಹಾಕಿದಳು. ನೀರು ನಲವತ್ತು ಅಡಿಗಿಂತ ಕೆಳಗಿದ್ದರೆ ಆ ತಿಂಗಳೆಲ್ಲ ಮನೆಗೆ ದಿನಕ್ಕೆ ನಾಲ್ಕು ಕೊಡ, ಮೇಲೆ ಬಂದರೆ ಆರು ಎಂದು ಊರಿನವರೇ ಕಟ್ಟು ಮಾಡಿಕೊಂಡಿದ್ದಾರೆಂದು ತಿಪ್ಪಮ್ಮ ಹೇಳಿದಳು. ನಿಜವಾದ ಅಂಕಿ ಮೂವತ್ತೊಂಬತ್ತೂವರೆ. ಅದು ನನ್ನ ನಾಲಿಗೆಯ ತುದಿಯಲ್ಲಿತ್ತು. ಬಿಸಿ ತುಪ್ಪದ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ನುಂಗಿದೆ. ಕುಂಕುಮ ಹಚ್ಚಿಸಿಕೊಂಡು ಬಸ್ಸು ಹತ್ತಿದೆ.

ಆಮೇಲೆ ನಾಲ್ಕು ಅಮಾವಾಸ್ಯೆ ಬಂದವು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಫೋನು ಟಿಂಗ್ ಅನ್ನುತ್ತಿತ್ತು. ತಿಪ್ಪಮ್ಮನದು ನಲವತ್ತೊಂದು. ಮುಂದಿನ ತಿಂಗಳು ನಲವತ್ತೊಂದೂಕಾಲು. ಕೆರೆಯಲ್ಲಿ ನೀರಿದ್ದದ್ದರಿಂದ ಬೇಸಿಗೆಯಲ್ಲೂ ಹೆಚ್ಚು ಇಳಿಯಲಿಲ್ಲ, ಆದರೆ ನಲವತ್ತರ ಈಚೆಗೂ ಬರಲಿಲ್ಲ. ಅಂಕಿ ನೋಡಿದಾಗಲೆಲ್ಲ ಬೋರಲು ಬಿದ್ದ ಆ ಎರಡು ಕೊಡ ಕಣ್ಣ ಮುಂದೆ ಬರುತ್ತಿದ್ದವು. ಇವತ್ತು ಹೇಳೋಣ ಅನ್ನಿಸುತ್ತಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನನ್ನುವುದು ಎಂದೂ ಅನ್ನಿಸುತ್ತಿತ್ತು. ಹೇಳದೆ ಕಳೆದ ಒಂದೊಂದು ದಿನವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು. ಮನೆಯಲ್ಲಿ ಕೊಡ ತುಂಬಿಸುವಾಗ ಕೂಡ ಎಣಿಸಲು ಶುರು ಮಾಡಿದೆ. ನಮ್ಮ ಯಜಮಾನರು, "ಯಾಕೆ, ನೀರಿಗೂ ಅಳತೆ ಬರಕಂತೀಯೇನು ಈಗ?" ಎಂದು ಕೇಳಿದರು. ಕೊಡ ಎತ್ತಿಕೊಂಡು ಒಳಗೆ ಹೋದೆ.

ಜ್ಯೇಷ್ಠದ ಅಮಾವಾಸ್ಯೆ ಕಳೆದ ನಾಲ್ಕೈದು ದಿನಕ್ಕೆ ಬಸವಾಪಟ್ಟಣದ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ನಾಲ್ವರೂ ಸೇರಿದೆವು. ನಡುವೆ ಮಣೆಯ ಮೇಲೆ ದೊಡ್ಡ ಪುಸ್ತಕ. ಬಸ್ಸಿನಲ್ಲಿ ಬರುವಾಗ ನನ್ನ ಮಾತನ್ನು ಮೂರು ಸಲ ಬಾಯಿಪಾಠ ಮಾಡಿದ್ದೆ. ಮೇಷ್ಟ್ರು ಮಾತು ಶುರು ಮಾಡುವ ಮೊದಲೇ ತಿಪ್ಪಮ್ಮ ಎದ್ದು ನಿಂತಳು.

"ಸಾರ್, ಪುಸ್ತಕದ ಮಾತು ಆಮೇಲೆ. ನನ್ನ ಬಾವಿ ಅಂಕಿ ತಪ್ಪಾಗೈತೆ. ಕಟ್ಟೆ ಎತ್ತರಿಸಿದಾಗಿಂದ ಅಷ್ಟೂ ತಪ್ಪು. ಒಂದೂವರೆ ಅಡಿ." ಅವಳ ಧ್ವನಿ ಅಲ್ಲಿಯವರೆಗೆ ಸರಿಯಾಗಿತ್ತು, ಆಮೇಲೆ ಒಡೆಯಿತು. "ಬೇಸಿಗೆ ತುಂಬಾ ಊರಿಗೆ ನಾಲ್ಕೇ ಕೊಡ ಕೊಡಿಸೀನ್ರಿ. ಬಾಣಂತಿ ಇದ್ದ ಮನೆಗೂ ನಾಲ್ಕೇ. ಅವರು ಬಂದು ಒಂದು ಕೊಡ ಹೆಚ್ಚಿಗೆ ಕೇಳಿದ್ರೆ ನಾನೇ ಅಂಕಿ ತೋರ್ಸಿ ವಾಪಸ್ ಕಳಿಸೀನಿ. ಮೊನ್ನೆಯಿಂದ ಆರು ಮಾಡ್ಸೀನಿ. ಆದ್ರೆ ಹೋದ ನೀರು ಹೋತಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ರುದ್ರಣ್ಣ ನಿಧಾನಕ್ಕೆ ಕೇಳಿದ, "ಬೀಗರ ಅಳತೆಗೆ ಈ ಸಲ ಅಲ್ಲಿಗೆ ಹೋದೋರು ಯಾರು?"

ಮೂರು ಮುಖಗಳೂ ನನ್ನ ಕಡೆ ತಿರುಗಿದವು. ಬಾಯಿಪಾಠ ಮಾಡಿದ ಮಾತು ಒಂದೂ ನೆನಪಿಗೆ ಬರಲಿಲ್ಲ. ಕಾಣಲಿಲ್ಲ ಎಂದು ಸುಳ್ಳು ಹೇಳಲು ಬಾಯಿ ತೆರೆದೇಬಿಟ್ಟಿದ್ದೆ.

"ಗಿರಿಜಕ್ಕ ಬಂದಿದ್ರು" ಎಂದಳು ತಿಪ್ಪಮ್ಮ ಕಣ್ಣೊರೆಸಿಕೊಳ್ಳುತ್ತ. "ಅವರು ಹೊಸ ಕಟ್ಟೆಗೆ ಗೇಣು ಹಾಕಿದ್ರಿಂದ್ಲೇ ನಂಗೆ ಇದು ಗೊತ್ತಾಗಿದ್ದು."

ಮೇಷ್ಟ್ರ ಮುಖ ಅರಳಿತು. "ನೋಡಿದ್ಯಾ ರುದ್ರಣ್ಣ, ಬೀಗರ ಅಳತೆ ಯಾಕೆ ಬೇಕು ಅಂತಿದ್ದೆ. ಅಂಕಿ ಬರಿಯೋರು ಬಾಳ ಜನ ಸಿಗ್ತಾರೆ, ಕಟ್ಟೆ ನೋಡೋ ಕಣ್ಣು ಸಿಗಲ್ಲ." ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಿಗೆ ಇಟ್ಟರು. ರುದ್ರಣ್ಣ ಚಪ್ಪಾಳೆ ತಟ್ಟಿದ. ತಿಪ್ಪಮ್ಮನೂ ತಟ್ಟಿದಳು. ಇಪ್ಪತ್ತು ವರ್ಷದಿಂದ ಬೇಕು ಬೇಕು ಅಂದದ್ದು ತೊಡೆಯ ಮೇಲಿತ್ತು. ಇಲ್ಲ ಎಂದು ಹೇಳಲು ಒಂದು ಗಳಿಗೆ ಸಿಕ್ಕಿತ್ತು. ಅದು ಹೋಯಿತು, ಚಹಾ ಬಂತು.

ಬಸ್ ಸ್ಟ್ಯಾಂಡಿನಲ್ಲಿ ನಾನು ಮತ್ತು ಅವಳು ಒಂದೇ ಕಲ್ಲುಬೆಂಚಿನ ಮೇಲೆ ಕೂತೆವು. ಪುಸ್ತಕ ನಮ್ಮಿಬ್ಬರ ನಡುವೆ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಪಾಡು ನನ್ನದು, ಕೇಳದೆ ಇರಲಾಗಲಿಲ್ಲ.

"ಯಾಕೆ ಹಂಗಂದೆ ತಿಪ್ಪಮ್ಮ?"

"ಸುಳ್ಳೇನು ಹೇಳಲಿಲ್ಲವಲ್ಲಕ್ಕ" ಎಂದಳು ರಸ್ತೆಯ ಕಡೆ ನೋಡುತ್ತ. "ನೀವು ಗೇಣು ಹಾಕಿದ್ದು ಅವತ್ತೇ ನೋಡಿದ್ದೆ. ಹೊಲಿಗೆಯೋರ ಚಟ ಅಂದ್ಕಂಡು ಸುಮ್ಮನಾದೆ. ಮೊನ್ನೆ ಕಟ್ಟೆ ಮೇಲೆ ಕುಂತಾಗ ಕಾಲು ನೆಲಕ್ಕೆ ಮುಟ್ಟಲಿಲ್ಲ. ಆವಾಗ ನೀವು ಗೇಣು ಹಾಕಿದ್ದು ನೆನಪಾತು. ನೀವು ಹಾಕಿದ್ದೂ ಹೌದು, ನಂಗೆ ಗೊತ್ತಾಗಿದ್ದೂ ಹೌದು. ನಡುವೆ ನಾಲ್ಕು ಅಮಾಸೆ ಹೋತು, ಅಷ್ಟೆ."

ಅಷ್ಟರಲ್ಲಿ ದಾವಣಗೆರೆ ಬಸ್ಸು ಬಂತು. "ಬರ್ತೀನಕ್ಕ, ಪುಸ್ತಕ ಮ್ಯಾಲೆ ಇಟ್ಕೊಳ್ರಿ, ಮಳೆ ಹನಿ ಬೀಳ್ತೈತೆ" ಎಂದು ಹೇಳಿ ಹತ್ತಿ ಹೋದಳು. ಬೈದಿದ್ದರೆ ಇಬ್ಬರೂ ಸರಿಸಮ ಆಗುತ್ತಿದ್ದೆವು. ಅವಳು ಬೈಯಲಿಲ್ಲ. ಅವಳ ಬಾವಿಗೆ, ಫೋಟೋಗೆ, ಶಾಲಿಗೆ, ಹೋಳಿಗೆಗೆ ಉರಿದುಕೊಂಡದ್ದೆಲ್ಲ ಒಂದು ಕಡೆ, ಅವತ್ತು ಅವಳ ಬೆನ್ನು ನೋಡುತ್ತ ಉರಿದುಕೊಂಡದ್ದೇ ಒಂದು ಕಡೆ. ಅಂಥ ಮನಸ್ಸು ಆ ದೇವರು ನನಗೆ ಯಾಕೆ ಕೊಡಲಿಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಸೋಡಾ ಮಾರುವವನು ಯಾರಾದರೂ ತೀರಿಕೊಂಡರೇನು ಎಂದು ಕೇಳಿದ.

ಮುಂದಿನ ಅಮಾವಾಸ್ಯೆಯೊಳಗೆ ತಿದ್ದುಪಡಿಯನ್ನು ಪುಸ್ತಕದಲ್ಲಿ ಏರಿಸಬೇಕಿತ್ತು. ಮೂರು ದಿನ ಪುಸ್ತಕ ತೆರೆಯಲಿಲ್ಲ. ನಾಲ್ಕನೇ ದಿನ ಕೈ ತೊಳೆದು ಕೂತೆ. ತಿಪ್ಪಮ್ಮನ ಬಾವಿಯ ಹಾಳೆ ತೆಗೆದು, ಒಂದೊಂದು ತಿಂಗಳ ಅಂಕಿಯ ಪಕ್ಕದಲ್ಲೂ ಒಂದೂವರೆ ಅಡಿ ಕಳೆದು ಬರೆದೆ. ನಲವತ್ತೊಂದು ಇದ್ದದ್ದು ಮೂವತ್ತೊಂಬತ್ತೂವರೆ ಆಯಿತು. ಹಾಳೆಯ ಬಲಗಡೆ ಷರಾ ಎಂದು ಒಂದು ಕಾಲಂ ಇದೆ, ಬಾವಿಯ ಹೂಳು ತೆಗೆದರೆ, ಹಗ್ಗ ಕಡಿದರೆ, ಏನಾದರೂ ವಿಶೇಷ ಇದ್ದರೆ ಬರೆಯುವುದಕ್ಕೆ. ಮೇಷ್ಟ್ರು ಅಲ್ಲಿ ಏನು ಬರೆಯಬೇಕೆಂದು ಫೋನಿನಲ್ಲಿ ಹೇಳಿದ್ದರು: 'ಬೀಗರ ಅಳತೆಯಲ್ಲಿ ಗಿರಿಜಮ್ಮ ಅವರು ಕಂಡುಹಿಡಿದದ್ದು.' ಪೆನ್ನು ಇಟ್ಟೆ. ನಾಳೆ ನಾನು ಸತ್ತ ಮೇಲೆ ಯಾರೋ ಕೂತು ಈ ಹಾಳೆ ತಿರುವುತ್ತಾರೆ. ಮಾಘದಲ್ಲೇ ಕಂಡಿದ್ದರೆ ಜ್ಯೇಷ್ಠದವರೆಗೆ ಯಾಕೆ ತಪ್ಪು ಹೋಯಿತು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಟೇಪು ಕೆಟ್ಟಿತ್ತೇ, ಕಟ್ಟೆ ಕುಸಿದಿತ್ತೇ ಎಂದು ಇಲ್ಲದ್ದನ್ನೆಲ್ಲ ಹುಡುಕುತ್ತಾರೆ. ಹಾಗೆ ಯಾರೂ ಹುಡುಕಬಾರದು ಎಂದೇ ಅಲ್ಲವೇ ಇಷ್ಟು ವರ್ಷ ಅಳೆದದ್ದು.

ನನ್ನ ಅಕ್ಷರ ದುಂಡಗಿದೆ, ಜಾಗ ಚಿಕ್ಕದಾದರೂ ಹಿಡಿಸಿತು. 'ಕಟ್ಟೆ ಎತ್ತರವಾದದ್ದನ್ನು ಕಂಡುಹಿಡಿದವರು ತಿಪ್ಪಮ್ಮ. ಅದಕ್ಕೆ ನಾಲ್ಕು ತಿಂಗಳು ಮೊದಲು ಗಿರಿಜಮ್ಮ ಕಂಡಿದ್ದರು, ಹೇಳಲಿಲ್ಲ. ಕಾರಣ: ಹೊಟ್ಟೆಕಿಚ್ಚು.' ಹಾಳೆಯ ಫೋಟೋ ತೆಗೆದು ನಾಲ್ವರ ಗುಂಪಿಗೆ ಕಳಿಸಿ, ಫೋನನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು, ಅನ್ನಕ್ಕೆ ಎಸರು ಇಟ್ಟೆ.

ಅನ್ನ ಬೇಯುವವರೆಗೂ ಏನೂ ಸದ್ದಿಲ್ಲ. ಬಸಿಯುವ ಹೊತ್ತಿಗೆ ಫೋನು ಬಂತು. ತಿಪ್ಪಮ್ಮ. ಆ ಕಡೆ ಬಾವಿಯ ರಾಟೆ ಕಿರುಗುಟ್ಟುವುದು ಕೇಳುತ್ತಿತ್ತು. ಅವಳೇ ಮೊದಲು ಕೇಳಿದಳು.

"ಅಲ್ಲಕ್ಕ, ಎಲ್ಲಾ ಸರಿಯಾಗಿ ಬರದೀರಿ. ಹೊಟ್ಟೆಕಿಚ್ಚು ಎಷ್ಟು ಅಡಿ ಅಂತ ಬರೀಲೇ ಇಲ್ಲವಲ್ಲ?"

"ಟೇಪು ಸಾಲಲಿಲ್ಲ ಕಣೆ" ಎಂದೆ.